ಕಾರವಾರದ ಕಡಲು, ಶಿರೂರಿನ ಗುಡ್ಡ: ನೆಲ ಅಳೆದ ಕಥೆ

ಶಿರಸಿ ಕಡೆಯ ಅಡಿಕೆ ತೋಟದೊಳಗೆ ನಿಂತು ಮೊಬೈಲಿನಲ್ಲಿ ಮ್ಯಾಪ್ ತೆರೆದರೆ ನೀಲಿ ಚುಕ್ಕೆ ಒಮ್ಮೆ ಹಳ್ಳದಾಚೆ, ಒಮ್ಮೆ ಪಕ್ಕದವರ ಬೆಟ್ಟದಲ್ಲಿ. ಆ ಚುಕ್ಕೆಯನ್ನು ತೋರಿಸುವ ಜಿಪಿಎಸ್ ಉಪಗ್ರಹಗಳನ್ನೇ ನೆಚ್ಚಿಕೊಂಡು ನೆಲ ಎಷ್ಟು ಮಿಲಿಮೀಟರ್ ಸರಿಯಿತೆಂದು ಹೇಳುವವರಿದ್ದಾರೆ. ಬಂಡೆಗೆ ಬೆಸೆದ ಕಂಬ, ಅದರ ಮೇಲೆ ಉಪಗ್ರಹದ ಸಂಕೇತ ಹಿಡಿಯುವ ರಿಸೀವರ್, ಮೇಲೆ ಬಯಲು ಆಕಾಶ, ವರ್ಷಗಟ್ಟಲೆ ಬಿಡದ ಅಳತೆ ಇದ್ದರೆ ಅದು ಸಾಧ್ಯ. ಉಪಗ್ರಹದ ಒಂದು ರೇಡಿಯೋ ಅಲೆಯ ಉದ್ದ ಸುಮಾರು 19 ಸೆಂ.ಮೀ. ಆ ಅಲೆಯ ನೂರನೇ ಒಂದು ಪಾಲನ್ನೂ ಈ ರಿಸೀವರುಗಳು ಗುರುತಿಸುತ್ತವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅಳತೆ ಹೊಸದೇನಲ್ಲ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ‘ಸಮುದ್ರ ಮಟ್ಟದಿಂದ ಇಷ್ಟು ಮೀಟರ್’ ಎಂದಿರುತ್ತದಲ್ಲ, ಆ ಸಮುದ್ರ ಮಟ್ಟವನ್ನು 1909ರ ಹೊತ್ತಿಗೆ ಗೊತ್ತುಪಡಿಸಿದ್ದು ಒಂಬತ್ತು ಬಂದರುಗಳ ಭರತ ಇಳಿತ ನೋಡಿ. ಕಾರವಾರ ಅವುಗಳಲ್ಲೊಂದು. (ಪಠ್ಯಪುಸ್ತಕಗಳು ಇದನ್ನೇಕೆ ಬಿಟ್ಟಿವೆಯೋ.) ತೊಡಕೆಂದರೆ ಭರತಮಾಪಕವೂ ನೆಲದ ಮೇಲೇ ನಿಂತದ್ದು. ನೆಲ ಕುಸಿದರೂ ಕಡಲು ಏರಿದಂತೆಯೇ ಕಾಣುತ್ತದೆ. ಪಕ್ಕದಲ್ಲಿ ಉಪಗ್ರಹ ರಿಸೀವರ್ ಇದ್ದರೆ ಮಾತ್ರ ಯಾವುದು ಯಾವುದೆಂದು ಬಿಡಿಸಿ ಹೇಳಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತೊಂಬತ್ತರ ದಶಕದಿಂದ ಇಂಥ ರಿಸೀವರ್ ಇರುವ ಕೇಂದ್ರವಿದೆ. ಅದರ ಲೆಕ್ಕದಲ್ಲಿ ನಾವೆಲ್ಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸಾಗುತ್ತಿದ್ದೇವೆ. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪಕ್ಕೆ ಬೆಂಗಳೂರೇ ಒಂದು ಸೆಂ.ಮೀ.ನಷ್ಟು ಪೂರ್ವಕ್ಕೆ ಜರುಗಿತ್ತು. ಆದರೆ ಕಾರವಾರವೂ ಬೆಂಗಳೂರೂ ಭೂಮಿಯ ಹೊರಪದರದ ಒಂದೇ ಹಲಗೆಯ (ಪ್ಲೇಟ್) ಮೇಲಿವೆ; ನಡುವಿನ ದೂರ ಹೆಚ್ಚೂಕಡಿಮೆ ಬದಲಾಗದು. ಹಾಗೆಂದು ನೆಮ್ಮದಿಯಿಂದ ಮಲಗುವಂತಿಲ್ಲ. 1967ರಲ್ಲಿ ಕೊಯ್ನಾ, 1993ರಲ್ಲಿ ಕಿಲ್ಲಾರಿ ನಡುಗಿದ್ದು ಇದೇ ಹಲಗೆಯಲ್ಲಿ. 2002ರ ಭೂಕಂಪ ನಕ್ಷೆಯಲ್ಲಿ ನಮ್ಮ ಕರಾವಳಿ ಮೂರನೇ ವಲಯ, ಅಂದರೆ ಮಧ್ಯಮ ಅಪಾಯದ್ದು. ಒತ್ತಡ ಎಲ್ಲಿ ಕೂಡುತ್ತಿದೆ ಎಂದು ಇಂಥ ಕೇಂದ್ರಗಳ ಜಾಲ ತೋರಿಸಬಲ್ಲದು. ದಿನ, ಗಳಿಗೆ ಹೇಳಲಾರದು. 1,300ರಷ್ಟು ಕೇಂದ್ರಗಳಿರುವ ಜಪಾನಿಗೂ 2011ರ ಭೂಕಂಪದಲ್ಲಿ ಅದು ಸಾಧ್ಯವಾಗಲಿಲ್ಲ.

ನನ್ನ ಕೇಳಿದರೆ, ಇಲ್ಲಿ ಕಾಯಬೇಕಾದ್ದು ಭೂಕಂಪಕ್ಕಿಂತ ಗುಡ್ಡವನ್ನು. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಧರೆ ಕುಸಿದು 19 ಜನ ಹೋದರು. 2021ರಲ್ಲಿ ಯಲ್ಲಾಪುರದ ಕಳಚೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯನ್ನೂ ಚಹಾ ಅಂಗಡಿಯನ್ನೂ ನುಂಗಿ ಗಂಗಾವಳಿಗೆ ಇಳಿಯಿತು. ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು.

ಭಾರತೀಯ ಸರ್ವೇಕ್ಷಣಾ ಇಲಾಖೆ ದೇಶದಲ್ಲಿ ನಿಲ್ಲಿಸಿರುವ ಸಾವಿರದಷ್ಟು ಕೇಂದ್ರಗಳು ಮುಖ್ಯವಾಗಿ ಭೂಮಾಪನಕ್ಕೆ. ಅವುಗಳ ನಡುವೆ ಹತ್ತಾರು ಕಿಲೋಮೀಟರ್ ಅಂತರ. ಒಂದು ಗುಡ್ಡದ ಬಿರುಕು ಅವಕ್ಕೆ ಕಾಣದು. ಗುಡ್ಡಕ್ಕೆ ಬೇರೆ ಜೋಡಿಯೇ ಬೇಕು: ಗಟ್ಟಿ ಬಂಡೆಯ ಮೇಲೊಂದು, ಜಾರಬಹುದಾದ ಇಳಿಜಾರಿನಲ್ಲೊಂದು. ಎರಡರ ನಡುವಿನ ದೂರ ಬೆಳೆಯುತ್ತಿದೆಯೇ, ಬೆಳೆಯುವ ವೇಗ ಏರುತ್ತಿದೆಯೇ ಎಂದು ನೋಡುವುದು, ಜೊತೆಗೊಂದು ಮಳೆಮಾಪಕ.

ಬರೆಯುವುದು ಸುಲಭ. ಹೆದ್ದಾರಿಗೆ ಕಡಿದ ಧರೆಯ ಬುಡದಲ್ಲಿ ಅರ್ಧ ಆಕಾಶವನ್ನು ಗುಡ್ಡವೇ ಮುಚ್ಚಿರುತ್ತದೆ, ಹಾಗಾಗಿ ಆಂಟೆನಾ ನೆತ್ತಿಗೆ ಹೋಗಬೇಕು. ಅಲ್ಲಿ ಕರೆಂಟಿಲ್ಲ, ಸೋಲಾರ್ ಹಾಕಬೇಕು. ಜುಲೈಯಲ್ಲಿ ಬಿಸಿಲೆಲ್ಲಿ ತರೋದು?