ಅಗ್ಗದ ಸುಳ್ಳು, ದುಬಾರಿ ಸುಳ್ಳು: ಆನ್‌ಲೈನ್ ಹರಾಜಿನ ಮೋಸ ಗುರುತಿಸುವ ಬಗೆ

2000ನೇ ಇಸವಿಯಲ್ಲಿ ಅಮೆರಿಕದ ಇಬೇ ಹರಾಜು ತಾಣದಲ್ಲಿ ಒಂದು ಅಮೂರ್ತ ಚಿತ್ರ ಮಾರಾಟಕ್ಕೆ ಬಂತು. ಆರಂಭದ ಬೆಲೆ 25 ಸೆಂಟ್. ಯಾರದೋ ಮನೆಯವರು ಹಳೇ ಸಾಮಾನು ಮಾರುವಾಗ ಕೊಂಡದ್ದು, ಹೆಂಡತಿ ಇದನ್ನು ಮನೆಯೊಳಗೆ ತೂಗುಹಾಕಲು ಬಿಡುತ್ತಿಲ್ಲ, ಮಗು ಆಟದ ಸೈಕಲ್ಲು ಗುದ್ದಿಸಿ ಕ್ಯಾನ್ವಾಸಿಗೆ ತೂತು ಮಾಡಿದೆ ಎಂದೆಲ್ಲ ಮಾರುವವನು ಬರೆದಿದ್ದ. ಚಿತ್ರಕಾರನ ಹೆಸರನ್ನು ಎಲ್ಲೂ ಹೇಳಿರಲಿಲ್ಲ. ಆದರೆ ಫೋಟೋದಲ್ಲಿ ‘ಆರ್‌ಡಿ 52’ ಎಂಬ ಸಹಿ ಕಾಣುತ್ತಿತ್ತು. ಇದು ಹೆಸರಾಂತ ಅಮೆರಿಕನ್ ಕಲಾವಿದ ರಿಚರ್ಡ್ ಡೀಬೆನ್‌ಕಾರ್ನ್ 1952ರಲ್ಲಿ ಬರೆದದ್ದಿರಬೇಕು, ಪಾಪ, ಈ ಮನುಷ್ಯನಿಗೆ ಅದರ ಬೆಲೆಯೇ ಗೊತ್ತಿಲ್ಲ ಎಂದು ನೋಡಿದವರು ತಾವೇ ಲೆಕ್ಕ ಹಾಕಿಕೊಂಡರು. ಬಿಡ್ 1,35,805 ಡಾಲರಿಗೆ ಏರಿತು.

ಆಮೇಲೆ ಹೊರಬಿದ್ದ ಸಂಗತಿ ಬೇರೆಯೇ ಇತ್ತು. ಮಾರಲು ಇಟ್ಟವನು ಒಬ್ಬ ವಕೀಲ. ಹೆಂಡತಿಯೂ ಇರಲಿಲ್ಲ, ಸೈಕಲ್ಲು ಗುದ್ದಿಸಿದ ಮಗುವೂ ಇರಲಿಲ್ಲ. ಬೇರೊಂದು ಹೆಸರಿನ ಖಾತೆಯಿಂದ ತನ್ನ ಚಿತ್ರಕ್ಕೆ ತಾನೇ ಬಿಡ್ ಹಾಕಿದ್ದ. ಇಬೇ ಆ ಮಾರಾಟವನ್ನು ರದ್ದು ಮಾಡಿತು. ಮರುವರ್ಷ ಅವನ ಮೇಲೂ ಇನ್ನಿಬ್ಬರು ಸಂಗಡಿಗರ ಮೇಲೂ ಮೊಕದ್ದಮೆ ಬಿತ್ತು. ಹತ್ತಾರು ಸುಳ್ಳು ಹೆಸರುಗಳ ಖಾತೆಗಳನ್ನು ತೆರೆದು, ಒಬ್ಬರ ಸರಕಿಗೆ ಇನ್ನೊಬ್ಬರು ಬಿಡ್ ಏರಿಸುತ್ತ ಅವರು ನೂರಾರು ಹರಾಜು ನಡೆಸಿದ್ದರು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಅಷ್ಟು ದೊಡ್ಡ ಮೊತ್ತವಲ್ಲ. ಮಾರುವವನು ‘ಇದು ಡೀಬೆನ್‌ಕಾರ್ನ್ ಚಿತ್ರ’ ಎಂದು ಒಂದು ಸಲವೂ ಹೇಳಲಿಲ್ಲ ಎಂಬುದು. ಹೇಳಿದ್ದರೆ ಜನ ದಾಖಲೆ ಕೇಳುತ್ತಿದ್ದರು. ಹೇಳದೆ ಬಿಟ್ಟದ್ದರಿಂದ ಅವರೇ ಕಂಡುಹಿಡಿದರು, ತಾನು ಕಂಡುಹಿಡಿದದ್ದನ್ನು ಮನುಷ್ಯ ಸುಲಭಕ್ಕೆ ಅನುಮಾನಿಸುವುದಿಲ್ಲ. ‘ಮಾರುವವನಿಗೆ ಇದರ ಬೆಲೆ ತಿಳಿದಿಲ್ಲ, ನನಗೆ ಮಾತ್ರ ತಿಳಿದಿದೆ’ ಎಂಬ ಪುಳಕ ಎದ್ದ ಕ್ಷಣವೇ ಹರಾಜಿನಲ್ಲಿ ಅತ್ಯಂತ ಅಪಾಯದ ಕ್ಷಣ.

ಮಾರುವವನಿಗೆ ವಸ್ತುವಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಸಮತೋಲದಿಂದ ಮಾರುಕಟ್ಟೆಗೆ ಏನಾಗುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿಕೊಟ್ಟರು. ಹಳೇ ಕಾರುಗಳನ್ನು ಉದಾಹರಣೆಯಾಗಿ ತೆಗೆದುಕೊಂಡ ಅವರ ವಾದ ಸರಳ: ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎರಡಕ್ಕೂ ನಡುವಿನ ಒಂದು ಬೆಲೆ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ, ಸಂತೆಯಿಂದ ಹೊರಗೆ ಹೋಗುತ್ತಾನೆ. ಉಳಿಯುವುದು ಕೆಟ್ಟವೇ. ಈ ಪ್ರಬಂಧವನ್ನು ಮೂರು ಪತ್ರಿಕೆಗಳು ತಿರಸ್ಕರಿಸಿದ್ದವು. 2001ರಲ್ಲಿ ಅಕರ್ಲಾಫ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅದನ್ನು ಹಂಚಿಕೊಂಡವರಲ್ಲಿ ಒಬ್ಬರಾದ ಮೈಕೆಲ್ ಸ್ಪೆನ್ಸ್ ಈ ಸಮಸ್ಯೆಯಿಂದ ಹೊರಬರುವ ಒಂದು ದಾರಿಯನ್ನು ಹೇಳಿದ್ದರು. ಒಳ್ಳೆಯವನು ತನ್ನ ಒಳ್ಳೆಯತನವನ್ನು ಒಂದು ಗುರುತಿನಿಂದ ತೋರಿಸಬಹುದು, ಆದರೆ ಆ ಗುರುತು ಕೆಟ್ಟವನಿಗೆ ಹೆಚ್ಚು ದುಬಾರಿಯಾಗಿರಬೇಕು. ಇಬ್ಬರಿಗೂ ಒಂದೇ ಖರ್ಚಿನಲ್ಲಿ ಸಿಗುವ ಗುರುತಿನಿಂದ ಏನೂ ತಿಳಿಯುವುದಿಲ್ಲ.

ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವರ ಕೈಯಲ್ಲಿ ಇರಬೇಕಾದ ಒರೆಗಲ್ಲು ಇದೇ ಎಂದು ನನ್ನ ನಂಬಿಕೆ. ಪ್ರತಿ ಭರವಸೆಯ ಮುಂದೆಯೂ ಕೇಳಿಕೊಳ್ಳಬೇಕು: ವಸ್ತು ಕೈಯಲ್ಲಿಲ್ಲದವನಿಗೆ ಇದನ್ನು ಒದಗಿಸಲು ಎಷ್ಟು ಕಷ್ಟ? ‘ನೂರಕ್ಕೆ ನೂರು ಅಸಲಿ’ ಎಂದು ಬರೆಯುವುದಕ್ಕೆ ಕಾಸು ಖರ್ಚಿಲ್ಲ. ತಯಾರಕರ ಜಾಲತಾಣದಿಂದ ಎತ್ತಿಕೊಂಡ ಹೊಳೆಯುವ ಫೋಟೋವೂ ಹಾಗೆಯೇ. ಅದೇ ವಸ್ತುವಿನ ಸರಣಿ ಸಂಖ್ಯೆ, ತಳಭಾಗದ ಗೀರು, ಆನ್ ಮಾಡಿದಾಗ ಬರುವ ಪರದೆ, ಪಕ್ಕದಲ್ಲಿ ನೀವು ಹೇಳಿದ ಪದವನ್ನು ಬರೆದಿಟ್ಟ ಚೀಟಿ, ಇವನ್ನೆಲ್ಲ ತೋರಿಸುವ ಫೋಟೋ ವಸ್ತು ಇದ್ದವನಿಗೆ ಎರಡು ನಿಮಿಷದ ಕೆಲಸ. ಇಲ್ಲದವನಿಗೆ ಸಾಕಷ್ಟು ಶ್ರಮ. ಚಿತ್ರ ಸೃಷ್ಟಿಸುವ ಕೃತಕ ಬುದ್ಧಿಮತ್ತೆ ಬಂದ ಮೇಲೆ ಒಂದೇ ಫೋಟೋವನ್ನು ನೆಚ್ಚಿಕೊಳ್ಳುವಂತಿಲ್ಲ. ಬೇರೆ ಬೇರೆ ಕೋನದ ನಾಲ್ಕಾರು ಫೋಟೋ, ಸಾಧ್ಯವಾದರೆ ವೀಡಿಯೊ ಕರೆ ಕೇಳುವುದು ಒಳ್ಳೆಯದು. ಮಾರಾಟದ ಪಟ್ಟಿಯಲ್ಲಿ, ಎಂದರೆ ಒಂದು ವಸ್ತುವನ್ನು ಮಾರಲು ಹಾಕಿದ ಪುಟದಲ್ಲಿ, ಇರುವ ಚಿತ್ರವನ್ನು ಹಿಮ್ಮುಖ ಚಿತ್ರ ಹುಡುಕಾಟಕ್ಕೆ (ಚಿತ್ರವನ್ನೇ ಕೊಟ್ಟು ಅದು ಅಂತರ್ಜಾಲದಲ್ಲಿ ಬೇರೆಲ್ಲಿದೆ ಎಂದು ಹುಡುಕುವುದಕ್ಕೆ) ಹಾಕಿದರೆ, ಅದೇ ಫೋಟೋ ಬೇರೆ ಹೆಸರಿನಲ್ಲಿ, ಬೇರೆ ದೇಶದಲ್ಲಿ ಮಾರಾಟಕ್ಕಿದ್ದರೆ ಸಿಕ್ಕಿಬೀಳುತ್ತದೆ.

ವಿವರಣೆಯನ್ನು ಕೊನೆಯ ಸಾಲಿನವರೆಗೂ ಓದಬೇಕು ಎನ್ನುವುದು ಸಣ್ಣ ಮಾತಾಗಿ ಕಾಣಬಹುದು. 2013ರಲ್ಲಿ ಬ್ರಿಟನ್ನಿನಲ್ಲಿ ಹೊಸ ಗೇಮ್ ಕನ್ಸೋಲಿಗೆಂದು 450 ಪೌಂಡ್ ಕೊಟ್ಟ ಯುವಕನಿಗೆ ಬಂದದ್ದು ಅದರ ಒಂದು ಫೋಟೋ. ಮಾರಾಟದ ಪಟ್ಟಿಯಲ್ಲೇ ‘ಫೋಟೋ’ ಎಂಬ ಪದ ಇತ್ತು, ಆದರೆ ಅದನ್ನು ಕನ್ಸೋಲುಗಳ ವಿಭಾಗದಲ್ಲಿ ಇಡಲಾಗಿತ್ತು. ಖಾಲಿ ಪೆಟ್ಟಿಗೆ ಮಾರುವವರು, ‘ಶೈಲಿಯ’, ‘ಮಾದರಿಯ’ ಎಂಬ ಪದಗಳ ಹಿಂದೆ ಅಡಗುವವರು ಇದೇ ಜಾತಿಯವರು.

ಇನ್ನು ರೇಟಿಂಗ್. ಇಬೇ ತಾಣ ಶುರುವಾದದ್ದು 1995ರಲ್ಲಿ. ಮರುವರ್ಷವೇ ಕೊಂಡವರೂ ಮಾರಿದವರೂ ಪರಸ್ಪರ ಅಭಿಪ್ರಾಯ ಬರೆಯುವ ವ್ಯವಸ್ಥೆ ಬಂತು. ಮುಖ ನೋಡದವರ ನಡುವೆ ಇಷ್ಟೊಂದು ವ್ಯಾಪಾರ ಸಾಧ್ಯವಾದದ್ದರಲ್ಲಿ ಅದರ ಪಾಲು ದೊಡ್ಡದು. ಹೆಸರಿಗೆ ನಿಜವಾಗಿಯೂ ಬೆಲೆಯಿದೆಯೇ ಎಂದು ಸಂಶೋಧಕ ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ನೋಡಿದ್ದಾರೆ. ಹಳೇ ಅಂಚೆ ಚಿತ್ರಪತ್ರಗಳನ್ನು ಸರಿಸಮನಾದ ಜೋಡಿಗಳಾಗಿ ಮಾಡಿ, ಒಂದು ಪಾಲನ್ನು ಹೆಸರು ಗಳಿಸಿದ ಮಾರಾಟಗಾರನ ಖಾತೆಯಿಂದ, ಇನ್ನೊಂದನ್ನು ಹೊಸ ಖಾತೆಗಳಿಂದ ಮಾರಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹಳೇ ಖಾತೆಯ ಸರಕಿಗೆ ಜನ ಸುಮಾರು ಶೇ 8ರಷ್ಟು ಹೆಚ್ಚು ಕೊಡಲು ತಯಾರಿದ್ದರು.

ಬೆಲೆಯುಳ್ಳದ್ದನ್ನು ಕದಿಯುವವರೂ ಇರುತ್ತಾರೆ, ನಕಲು ಮಾಡುವವರೂ ಇರುತ್ತಾರೆ. ಇಬೇ ಆರಂಭದ ವರ್ಷಗಳ ದತ್ತಾಂಶವನ್ನು ನೋಡಿದ ರೆಸ್ನಿಕ್ ಮತ್ತು ರಿಚರ್ಡ್ ಜೆಕ್‌ಹೌಸರ್, ಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾತ್ರ ಅಭಿಪ್ರಾಯ ಬರೆಯುತ್ತಾರೆ, ಬರೆದವುಗಳಲ್ಲಿ ನೇರ ದೂರು ಶೇ 1ಕ್ಕೂ ಕಡಿಮೆ ಎಂದು ಕಂಡುಕೊಂಡರು. ಕೆಟ್ಟ ಅಭಿಪ್ರಾಯ ಬರೆದರೆ ಎದುರಿನವನು ಸೇಡಿಗೆ ತನ್ನ ಮೇಲೂ ಬರೆದಾನು ಎಂಬ ಭಯ ಆಗ ಇತ್ತು. 2008ರಲ್ಲಿ ಇಬೇ, ಮಾರುವವರು ಕೊಳ್ಳುವವರ ಮೇಲೆ ಕೆಟ್ಟ ಅಭಿಪ್ರಾಯ ಹಾಕುವುದನ್ನೇ ನಿಲ್ಲಿಸಿತು. ಆದರೂ ಬಹುತೇಕ ಎಲ್ಲರೂ ಶೇ 99ರ ಮೆಚ್ಚುಗೆಯ ಆಸುಪಾಸಿನಲ್ಲಿರುವ ಕಡೆ ಶೇ 99 ಎಂಬ ಅಂಕಿ ಹೇಳುವುದು ಕಡಿಮೆ. ಅಂಕಿಯ ಹಿಂದಿನ ಕಥೆಯನ್ನು ಓದಬೇಕು. ಆ ಮೆಚ್ಚುಗೆಗಳೆಲ್ಲ ಬಂದದ್ದು ಚಿಲ್ಲರೆ ಬೆಲೆಯ ಸರಕು ಮಾರಿಯೇ? ಎಲ್ಲ ಒಂದೇ ವಾರದಲ್ಲಿ ಬಂದಿವೆಯೇ? ವರ್ಷಗಟ್ಟಲೆ ಹಳೇ ಪುಸ್ತಕ ಮಾರಿ, ನಡುವೆ ಬಹುಕಾಲ ಸುಮ್ಮನಿದ್ದು, ಇವತ್ತು ದಿಢೀರನೆ ಹತ್ತು ದುಬಾರಿ ಕ್ಯಾಮೆರಾ ಹರಾಜಿಗಿಟ್ಟಿದೆಯೇ ಆ ಖಾತೆ? ಹಾಗಿದ್ದರೆ ಪುಸ್ತಕ ಮಾರಿದ ಪ್ರಾಮಾಣಿಕನ ಪಾಸ್‌ವರ್ಡ್ ಬೇರೆ ಯಾರದೋ ಕೈ ಸೇರಿರುವ ಸಾಧ್ಯತೆ ಬಹಳ.

ಕಂಪ್ಯೂಟರ್ ವಿಜ್ಞಾನಿಗಳು ಈ ಹೊಳಹನ್ನು ಇನ್ನಷ್ಟು ಮುಂದಕ್ಕೆ ಒಯ್ದಿದ್ದಾರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಂದು ತಂಡ 2007ರಲ್ಲಿ ‘ನೆಟ್‌ಪ್ರೋಬ್’ ಎಂಬ ವಿಧಾನವನ್ನು ಮಂಡಿಸಿತು. ಪ್ರತಿ ಖಾತೆಯನ್ನು ಒಂದು ಬಿಂದು, ಪ್ರತಿ ವ್ಯವಹಾರವನ್ನು ಒಂದು ಗೆರೆ ಎಂದು ಬರೆದುಕೊಂಡರೆ ಒಂದು ದೊಡ್ಡ ಜಾಲ ಮೂಡುತ್ತದೆ. ಮೋಸ ಮಾಡಲಿರುವ ಖಾತೆಗಳು ಒಂದಕ್ಕೊಂದು ವ್ಯವಹರಿಸುವುದಿಲ್ಲ ಎಂಬುದು ಅವರು ಗಮನಿಸಿದ ಸೂಕ್ಷ್ಮ, ಏಕೆಂದರೆ ಒಂದು ಸಿಕ್ಕಿಬಿದ್ದರೆ ಇನ್ನೊಂದೂ ಹೋಗುತ್ತದೆ. ಅವು ‘ಸಹಚರ’ ಖಾತೆಗಳಿಂದ ಮೆಚ್ಚುಗೆ ಪಡೆಯುತ್ತವೆ. ಸಹಚರರು ಹೊರಗಿನ ಪ್ರಾಮಾಣಿಕರ ಜೊತೆಗೂ ಸಣ್ಣಪುಟ್ಟ ವ್ಯಾಪಾರ ಮಾಡಿ ಒಳ್ಳೆಯವರಾಗಿಯೇ ಇರುತ್ತಾರೆ. ಮೋಸದ ಖಾತೆ ಮುಚ್ಚಿಹೋದರೂ ಸಹಚರರು ಉಳಿದು ಮುಂದಿನ ಖಾತೆಗೆ ಮೆಚ್ಚುಗೆ ಒದಗಿಸುತ್ತಾರೆ. ಆದರೆ ಜಾಲದ ನಕ್ಷೆಯಲ್ಲಿ ಈ ಎರಡು ಗುಂಪುಗಳ ನಡುವೆ ಗೆರೆಗಳು ಅಸಹಜವಾಗಿ ದಟ್ಟವಾಗುತ್ತವೆ, ಪ್ರತಿ ಗುಂಪಿನ ಒಳಗೆ ಹೆಚ್ಚುಕಡಿಮೆ ಗೆರೆಯೇ ಇರುವುದಿಲ್ಲ. ಒಂದು ಸುಳ್ಳು ಹೆಸರು ಕಟ್ಟುವುದು ಸುಲಭ. ಇಡೀ ಸಮಾಜದಲ್ಲಿ ಸಹಜವಾಗಿ ಬದುಕಿದಂತೆ ತೋರಿಸುವುದು ಬಹಳ ದುಬಾರಿ.

ಸಾಮಾನ್ಯ ಕೊಳ್ಳುಗನಿಗೆ ಆ ನಕ್ಷೆ ಕಾಣುವುದಿಲ್ಲ, ಆದರೆ ಬಿಡ್ ಇತಿಹಾಸ ಕಾಣುತ್ತದೆ. ಬೆಲೆ ಏರಿಸಲೆಂದೇ ಕೂತ ನಕಲಿ ಬಿಡ್‌ದಾರನ ನಡತೆ ನಿಜವಾಗಿ ಬೇಕಾದವನ ನಡತೆಗಿಂತ ಬೇರೆ. ಅವನು ಹೆಚ್ಚಾಗಿ ಒಬ್ಬನೇ ಮಾರಾಟಗಾರನ ಹರಾಜುಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಮತ್ತೆ ಮತ್ತೆ ಬಿಡ್ ಹಾಕುತ್ತಾನೆ, ಗೆಲ್ಲುವುದು ಅಪರೂಪ. ನಿಮ್ಮ ಬಿಡ್ ಬಿದ್ದ ಕೂಡಲೇ ಉತ್ತರ ಕೊಡುತ್ತಾನೆ, ಕನಿಷ್ಠ ಮೊತ್ತವನ್ನಷ್ಟೇ ಏರಿಸುತ್ತಾನೆ, ಕೊನೆಯ ಗಳಿಗೆಯಲ್ಲಿ ಮಾಯವಾಗುತ್ತಾನೆ. ಗೆದ್ದುಬಿಟ್ಟರೆ ಅವನ ಉದ್ದೇಶವೇ ಕೆಡುತ್ತದಲ್ಲ. ಬಿಡ್‌ದಾರರ ಹೆಸರನ್ನು ಮರೆಮಾಡುವ ತಾಣಗಳಲ್ಲೂ ಕೆಲವೊಮ್ಮೆ ‘ಈ ಮಾರಾಟಗಾರನಿಗೆ ಹಾಕಿದ ಬಿಡ್ ಶೇಕಡಾ ಇಷ್ಟು’ ಎಂಬ ಅಂಕಿ ಸಿಗುತ್ತದೆ.

ಇಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿಯವರ 1961ರ ವಿಶ್ಲೇಷಣೆ ನೆರವಿಗೆ ಬರುತ್ತದೆ. ಗೆದ್ದವನು ಎರಡನೇ ಅತಿ ಹೆಚ್ಚಿನ ಬಿಡ್ಡಿನಷ್ಟು ಮಾತ್ರ ಕೊಡಬೇಕಾದ ಹರಾಜಿನಲ್ಲಿ, ವಸ್ತುವಿಗೆ ನಿಮ್ಮ ಮಟ್ಟಿಗೆ ಎಷ್ಟು ಬೆಲೆಯೋ ಅಷ್ಟನ್ನೇ ಬಿಡ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯ ತಂತ್ರ. ‘ನನ್ನ ಗರಿಷ್ಠ ಮೊತ್ತ ಇಷ್ಟು’ ಎಂದು ಗುಟ್ಟಾಗಿ ನಮೂದಿಸಿದರೆ ತಾಣವೇ ನಿಮ್ಮ ಪರವಾಗಿ ಬೇಕಾದಷ್ಟು ಮಾತ್ರ ಏರಿಸುತ್ತ ಹೋಗುವ ಸ್ವಯಂಚಾಲಿತ ಬಿಡ್ ಇದಕ್ಕೆ ಬಹಳ ಹತ್ತಿರ. ನಕಲಿ ಬಿಡ್‌ದಾರ ಆ ಎರಡನೇ ಬಿಡ್ಡನ್ನೇ ಉಬ್ಬಿಸಿ ನಿಮ್ಮ ಗರಿಷ್ಠದ ಹತ್ತಿರ ತರಬಲ್ಲ. ಆದರೆ ಅದನ್ನು ದಾಟಿಸಿ ನಿಮ್ಮಿಂದ ವಸೂಲು ಮಾಡಲಾರ. ದಾಟಿಸುವುದು ನಾವೇ, ಹರಾಜಿನ ಕಾವಿನಲ್ಲಿ. ಸ್ವಲ್ಪ ಹೊತ್ತು ಮುಂದಿದ್ದವನಿಗೆ ವಸ್ತು ಆಗಲೇ ತನ್ನದಾದಂತೆ ಅನಿಸತೊಡಗುತ್ತದೆ, ಇನ್ನೊಬ್ಬ ಮುಂದೆ ಹೋದರೆ ತನ್ನದನ್ನು ಕಿತ್ತುಕೊಂಡ ಹಾಗಾಗುತ್ತದೆ. ಬಿಡ್ ಹಾಕುವ ಮೊದಲೇ, ಅದೇ ಬಗೆಯ ವಸ್ತುಗಳು ಈಚೆಗೆ ನಿಜವಾಗಿ ಮಾರಾಟವಾದ ಬೆಲೆಗಳನ್ನು ನೋಡಿ, ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಇದಕ್ಕೆ ತಕ್ಕ ಉಪಾಯ.

ಅತಿ ಕಡಿಮೆ ಬೆಲೆ ಎಷ್ಟು ಅನುಮಾನಕ್ಕೆ ಅರ್ಹ? ಹರಾಜಿನಲ್ಲಿ ಆರಂಭದ ಬೆಲೆ ಕಡಿಮೆ ಇರುವುದು ಸಹಜ, ಅದೊಂದೇ ದೋಷವಲ್ಲ. ಅನುಮಾನಿಸಬೇಕಾದದ್ದು ‘ಈಗಲೇ ಕೊಳ್ಳಿ’ ಎಂದು ಅರ್ಧ ಬೆಲೆಗೆ ಕೊಡುವವನನ್ನು. ಒಂದು ಕಲ್ಪಿತ ಲೆಕ್ಕ ಮಾಡೋಣ. 10,000 ಪಟ್ಟಿಗಳಲ್ಲಿ 200 ಮೋಸದವು ಎನ್ನಿ. ಪ್ರಾಮಾಣಿಕರಲ್ಲಿ ನೂರಕ್ಕೊಬ್ಬ ಅರ್ಧ ಬೆಲೆಗೆ ಮಾರುತ್ತಾನೆ, ಮೋಸಗಾರರಲ್ಲಿ ಇಬ್ಬರಿಗೊಬ್ಬ. ಆಗ ಅರ್ಧ ಬೆಲೆಯ ಪಟ್ಟಿಗಳಲ್ಲಿ 98 ಪ್ರಾಮಾಣಿಕ, 100 ಮೋಸ. ಒಟ್ಟಾರೆ ನೂರಕ್ಕೆ ಎರಡಿದ್ದ ಅಪಾಯ ಇಲ್ಲಿ ಅರ್ಧಕ್ಕೆ ಏರಿತು. ಇದರ ಮೇಲೆ ಮಾರುವವನು ‘ತಾಣದ ಹೊರಗೆ ಹಣ ಕಳಿಸಿ’ ಎನ್ನುತ್ತಾನೆ. ಪ್ರಾಮಾಣಿಕರಲ್ಲಿ ಐವತ್ತಕ್ಕೊಬ್ಬ, ಮೋಸಗಾರರಲ್ಲಿ ಐವರಲ್ಲಿ ನಾಲ್ವರು ಹಾಗೆ ಕೇಳುತ್ತಾರೆ ಎಂದುಕೊಂಡರೆ ಉಳಿಯುವುದು ಇಬ್ಬರು ಪ್ರಾಮಾಣಿಕರು, 80 ಮೋಸಗಾರರು. ಅಂಕಿಗಳು ನಾನು ಹಾಕಿಕೊಂಡವು. ನಿಜ ಜೀವನದಲ್ಲಿ ಒಂದು ಲಕ್ಷಣ ಇನ್ನೊಂದಕ್ಕೆ ಅಂಟಿಕೊಂಡಿರುವುದೂ ಉಂಟು. ಆದರೂ ಹೊಸ ಸುಳಿವು ಸಿಕ್ಕಂತೆಲ್ಲ ಸಾಧ್ಯತೆಯನ್ನು ತಿದ್ದಿಕೊಳ್ಳಲು ಹೇಳುವ ಬೇಯ್ಸ್ ನಿಯಮದ ಈ ತರ್ಕ ಗಟ್ಟಿಯಾದದ್ದು: ಬಿಡಿಬಿಡಿಯಾಗಿ ಕ್ಷಮಿಸಬಹುದಾದ ಎರಡು ಲಕ್ಷಣಗಳು ಒಟ್ಟಿಗೆ ಬಂದಾಗ ಕ್ಷಮಿಸುವಂತಿಲ್ಲ.

ತಾಣದ ಹೊರಗಿನ ಪಾವತಿಗೆ ಕರೆಯುವ ವೇಷಗಳು ಹಲವು. ನೀವು ಸೋತ ಹರಾಜಿನ ಮರುದಿನ ಇಮೇಲ್ ಬರುತ್ತದೆ: ಗೆದ್ದವರು ಹಿಂದೆ ಸರಿದರು, ನಿಮ್ಮ ಬಿಡ್‌ಗೇ ಕೊಡುತ್ತೇನೆ. ಹೀಗೆ ಎರಡನೇ ಅವಕಾಶ ಕೊಡುವ ನಿಜವಾದ ಸೌಲಭ್ಯ ಕೆಲವು ತಾಣಗಳಲ್ಲಿದೆ, ಅದಕ್ಕೇ ಈ ಸುಳ್ಳು ನಂಬಿಕೆಗೆ ಹತ್ತಿರ. ನಿಜವಾದದ್ದಾದರೆ ತಾಣದೊಳಗಿನ ನಿಮ್ಮ ಸಂದೇಶಪೆಟ್ಟಿಗೆಯಲ್ಲೂ ಇರುತ್ತದೆ. ಇಮೇಲಿನ ಕೊಂಡಿಯನ್ನು ಒತ್ತದೆ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ ನೋಡಿ. ಇನ್ನು ಕೆಲವರು ‘ಮೂರನೆಯವರ ಬಳಿ ಹಣ ಇಡೋಣ, ಸರಕು ತಲುಪಿದ ಮೇಲೆ ಅವರು ನನಗೆ ಕೊಡಲಿ’ ಎಂದು ನ್ಯಾಯವಂತರಂತೆ ಮಾತಾಡುತ್ತಾರೆ, ಆ ಮೂರನೆಯವರ ಜಾಲತಾಣವನ್ನೂ ತಾವೇ ಕಟ್ಟಿರುತ್ತಾರೆ. ಉಡುಗೊರೆ ಕಾರ್ಡಿನ ಸಂಖ್ಯೆ, ಕ್ರಿಪ್ಟೋ ಕರೆನ್ಸಿ, ನೇರ ಹಣ ವರ್ಗಾವಣೆ, ಇವನ್ನೇ ವಂಚಕರು ಬಯಸುವುದು ಒಮ್ಮೆ ಹೋದರೆ ಹಿಂದಕ್ಕೆ ಪಡೆಯುವುದು ಬಹಳ ಕಷ್ಟವೆಂದು. ಕ್ರೆಡಿಟ್ ಕಾರ್ಡ್ ಅಥವಾ ತಾಣದ್ದೇ ಪಾವತಿ ವ್ಯವಸ್ಥೆಯಲ್ಲಿ ದೂರು ಕೊಟ್ಟು ಹಣ ತಡೆಯಲು ಅವಕಾಶವಿರುತ್ತದೆ. ಪ್ರಾಮಾಣಿಕನಿಗೆ ಅದರಿಂದ ಹೆಚ್ಚೆಂದರೆ ಸಣ್ಣ ಶುಲ್ಕ ಮತ್ತು ಕೆಲವು ದಿನಗಳ ಕಾಯುವಿಕೆ, ವಂಚಕನಿಗೆ ಇಡೀ ಗಳಿಕೆಯೇ ನಷ್ಟ. ಸ್ಪೆನ್ಸ್ ಹೇಳಿದ ಗುರುತು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮೋಸ ಹೋದವರಲ್ಲಿ ಬಹಳ ಮಂದಿ ನಾಚಿಕೆಯಿಂದ ಸುಮ್ಮನಾಗುತ್ತಾರೆ, ಅದು ನನಗೆ ನೋವಿನ ಸಂಗತಿ. ಮೇಲಿನ ಚಿತ್ರಕ್ಕೆ ಬಿಡ್ ಹಾಕಿದವರು ಕಲೆಯ ಗಂಧವಿಲ್ಲದವರೇನಲ್ಲ. ತಾಣದಲ್ಲಿ ದೂರು ಕೊಡಲು, ಬ್ಯಾಂಕಿನಿಂದ ಹಣ ತಡೆಹಿಡಿಸಲು ದಿನಗಳ ಗಡುವು ಇರುತ್ತದೆ. ಮಾರುವವನು ‘ಇನ್ನೊಂದು ವಾರ ಕಾಯಿರಿ, ಪಾರ್ಸೆಲ್ ದಾರಿಯಲ್ಲಿದೆ’ ಎನ್ನುವುದು ಎಷ್ಟೋ ಸಲ ಆ ಗಡುವು ದಾಟಿಸಲಿಕ್ಕೇ. ಪಟ್ಟಿಯ ಪುಟ, ಸಂದೇಶಗಳು, ಪಾವತಿಯ ರಸೀದಿ ಅಳಿಸಿಹೋಗುವ ಮುನ್ನ ಅವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಪೆಟ್ಟಿಗೆ ಬಂದಿದ್ದರೆ ತೆರೆಯುವುದನ್ನು ವೀಡಿಯೊ ಮಾಡಿ, ತಡಮಾಡದೆ ತಾಣಕ್ಕೂ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಬೇಕು. ಸ್ವಲ್ಪ ದಿನ ಕಳೆದ ಮೇಲೆ ಯಾರೋ ಕರೆ ಮಾಡಿ, ಕಳೆದುಹೋದ ನಿಮ್ಮ ಹಣವನ್ನು ಮರಳಿ ಕೊಡಿಸುತ್ತೇವೆ, ಮೊದಲು ಸಣ್ಣ ಶುಲ್ಕ ಕಟ್ಟಿ ಎನ್ನಬಹುದು. ಒಮ್ಮೆ ಮೋಸ ಹೋದವರ ಹೆಸರು, ಫೋನ್ ಸಂಖ್ಯೆಗಳನ್ನು ವಂಚಕರು ಒಬ್ಬರಿಗೊಬ್ಬರು ಮಾರಿಕೊಳ್ಳುತ್ತಾರೆ. ಆ ಕರೆ ಬರುವುದು ಅಲ್ಲಿಂದ.