ಯೇಸು ಎದ್ದನೆಂಬ ಸುದ್ದಿ ಎಷ್ಟು ಹಳೆಯದು?

‘ಯೇಸು ಸತ್ತು ಎದ್ದ ಅನ್ನೋದು ಆಮೇಲೆ ಬೆಳೆದ ಕಥೆ ಅಲ್ವಾ ಪಾಸ್ಟರ್?’

ಗುಳೇದಗುಡ್ಡ, ಬಾಗಲಕೋಟೆ ಕಡೆಯ ನಮ್ಮ ಕಾಲೇಜು ಹುಡುಗ ಹುಡುಗಿಯರು ಸತ್ಯವೇದ ಪಾಠದಲ್ಲಿ ಜಾಸ್ತಿ ಕೇಳುವ ಪ್ರಶ್ನೆ ಇದು. ಗೆಳೆಯರು ಕೆಣಕಿರುತ್ತಾರೆ, ಇಲ್ಲವೇ ಯೂಟ್ಯೂಬ್‌ನಲ್ಲಿ ನೋಡಿರುತ್ತಾರೆ. ಮನೆಯಲ್ಲಿ ಕೇಳಿದರೆ ‘ಸುಮ್ನೆ ನಂಬು, ಹಾಗೆಲ್ಲ ಕೇಳಬಾರದು’ ಎಂಬ ಉತ್ತರ ಸಿಗುತ್ತದೆ. ಹಿರಿಯರ ಭಯ ನನಗೆ ಅರ್ಥವಾಗುತ್ತದೆ. ಮಕ್ಕಳು ಕೈತಪ್ಪಿ ಹೋದಾರು ಎಂಬ ಚಿಂತೆ ಅವರದು. ಆದರೆ ಹೀಗೆ ಬಾಯಿ ಮುಚ್ಚಿಸಿದ ಮಕ್ಕಳೇ ಆಮೇಲೆ ಸದ್ದಿಲ್ಲದೆ ಆರಾಧನೆಗೆ ಬರುವುದನ್ನು ಬಿಡುತ್ತಾರೆ.

ಸತ್ಯವೇದವೂ ‘ಕೇಳಬೇಡ’ ಎನ್ನುವುದಿಲ್ಲ. ನಿಮ್ಮ ನಿರೀಕ್ಷೆಗೆ ಆಧಾರವೇನು ಎಂದು ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ ಎಂದು ಪೇತ್ರ ತನ್ನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಬರೆಯುತ್ತಾನೆ. ಬೆರೋಯ ಎಂಬ ಊರಿನ ಜನ ಅಪೊಸ್ತಲ ಪೌಲ ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರ ತೆರೆದು ನೋಡಿದರು. ಅಪೊಸ್ತಲರ ಕೃತ್ಯಗಳು ಪುಸ್ತಕ ಅವರನ್ನು ಬೈಯುವುದಿಲ್ಲ, ಹೊಗಳುತ್ತದೆ. ಅಪೊಸ್ತಲನ ಮಾತನ್ನೇ ಪರೀಕ್ಷಿಸಬಹುದಾದರೆ ನನ್ನಂಥ ಪಾಸ್ಟರನ ಮಾತು ಯಾವ ಲೆಕ್ಕ?

ಹಾಗಾದರೆ ಆ ಪ್ರಶ್ನೆಯನ್ನೇ ಹಿಡಿಯೋಣ. ಕಥೆ ಆಮೇಲೆ ಬೆಳೆಯಿತು ಎನ್ನುವುದು ಕಾಲದ ಬಗ್ಗೆ ಇರುವ ಮಾತು. ಕಾಲವನ್ನು ಅಳೆಯುವುದು ಹೇಗೆ ಎಂದು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಶಕವರ್ಷ 556, ಅಂದರೆ ಕ್ರಿ.ಶ. 634ರ ಹೊತ್ತು. ಎರಡನೇ ಪುಲಕೇಶಿಯನ್ನು ಹೊಗಳುವ ಆ ಶಾಸನದಲ್ಲಿ ಕಾಳಿದಾಸ, ಭಾರವಿಯರ ಹೆಸರಿದೆ. ಹಾಗಾಗಿ ಕಾಳಿದಾಸ ಆಮೇಲಿನವನು ಎಂದು ಯಾರೂ ಹೇಳುವಂತಿಲ್ಲ. ತೇದಿ ಇರುವ ಒಂದು ಕಲ್ಲು ಇಷ್ಟು ಕೆಲಸ ಮಾಡುತ್ತದೆ.

ಪೌಲನ ವಿಷಯದಲ್ಲೂ ಅಂಥ ಕಲ್ಲು ಇದೆ. ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯದ ಪ್ರಕಾರ ಪೌಲ ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದ. ಆಗ ಅಖಾಯ ಸೀಮೆಯ ಅಧಿಪತಿ ಗಲ್ಲಿಯೋನನ ಮುಂದೆ ಅವನನ್ನು ಎಳೆದು ತಂದರು. ಈ ಗಲ್ಲಿಯೋನ ತತ್ವಜ್ಞಾನಿ ಸೆನೆಕನ ಅಣ್ಣ. ಗ್ರೀಸ್‌ನ ದೆಲ್ಫಿಯಲ್ಲಿ ರೋಮಿನ ಚಕ್ರವರ್ತಿ ಕ್ಲೌದ್ಯನ ಪತ್ರವೊಂದನ್ನು ಕೆತ್ತಿದ ಕಲ್ಲಿನ ತುಂಡುಗಳು ಸಿಕ್ಕಿವೆ. ಅವುಗಳಲ್ಲಿ ಗಲ್ಲಿಯೋನನ ಹೆಸರಿದೆ. ಜೊತೆಗೆ ಕ್ಲೌದ್ಯನಿಗೆ 26ನೇ ಸಲ ಜಯಘೋಷ (ಸೇನೆ ಗೆದ್ದಾಗ ಚಕ್ರವರ್ತಿಗೆ ಹಾಕುವ ಜೈಕಾರ) ಆಗಿದ್ದ ಸಮಯ ಅದು ಎಂಬ ಗುರುತೂ ಇದೆ. ಬೇರೆ ಶಾಸನಗಳ ಜೊತೆ ಇಟ್ಟು ಲೆಕ್ಕ ಹಾಕಿದರೆ ಅದು ಕ್ರಿ.ಶ. 52ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಪೌಲ ಕೊರಿಂಥದಲ್ಲಿದ್ದದ್ದು 50ರಿಂದ 52ರ ಆಸುಪಾಸು.

ಕೊರಿಂಥದವರಿಗೆ ಮೊದಲ ಪತ್ರವನ್ನು ಅವನು ಕೆಲವು ವರ್ಷ ಬಿಟ್ಟು, ಸುಮಾರು 55ರಲ್ಲಿ, ಎಫೆಸದಿಂದ ಬರೆದ. ಅದರ 15ನೇ ಅಧ್ಯಾಯ ನಿಧಾನವಾಗಿ ಓದಿ. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಕೇಫನಿಗೆ (ಅಂದರೆ ಪೇತ್ರನಿಗೆ) ಕಾಣಿಸಿಕೊಂಡನು, ಆಮೇಲೆ ಹನ್ನೆರಡು ಮಂದಿಗೆ... ಇದು ಬಾಯಿಪಾಠದ ಧಾಟಿ. ‘ನಾನು ಪಡೆದದ್ದನ್ನೇ ನಿಮಗೆ ಒಪ್ಪಿಸಿದೆ’ ಎಂದು ಪೌಲನೇ ಹೇಳುತ್ತಾನೆ. ಯಾರಿಂದ ಪಡೆದ? ಗಲಾತ್ಯದವರಿಗೆ ಬರೆದ ಪತ್ರದ 1ನೇ ಅಧ್ಯಾಯದಲ್ಲಿ ಒಂದು ಸುಳಿವಿದೆ. ಯೇಸುವಿನ ಕಡೆ ಮನಸ್ಸು ತಿರುಗಿದ ಮೂರು ವರ್ಷಕ್ಕೆ ಅವನು ಯೆರೂಸಲೇಮಿಗೆ ಹೋಗಿ ಕೇಫನ ಬಳಿ ಹದಿನೈದು ದಿನ ಇದ್ದ. ಯೇಸುವಿನ ತಮ್ಮ ಯಾಕೋಬನನ್ನೂ ಕಂಡ. ಆ ಹದಿನೈದು ದಿನ ಅವರು ಮಳೆ ಬೆಳೆ ಮಾತಾಡಿಕೊಂಡು ಕೂತಿರಲಿಲ್ಲ, ಅಲ್ವಾ?

ಯೇಸುವನ್ನು ಶಿಲುಬೆಗೆ ಹಾಕಿದ್ದು 30 ಅಥವಾ 33ರಲ್ಲಿ. ಪೌಲನ ಮನಸ್ಸು ತಿರುಗಿದ್ದು ಅದಾದ ಕೆಲವೇ ವರ್ಷಗಳಲ್ಲಿ. ಹಾಗಾದರೆ ಎದ್ದನೆಂಬ ಸುದ್ದಿ ನೂರಾರು ವರ್ಷ ಬೆಳೆದದ್ದಲ್ಲ. ಮೊದಲ ಕೆಲವೇ ವರ್ಷಗಳಲ್ಲಿ, ನೋಡಿದೆವು ಎನ್ನುವವರು ಬದುಕಿದ್ದಾಗಲೇ, ಅದು ಊರೂರಿಗೆ ಹೋಗುತ್ತಿತ್ತು. ಐನೂರಕ್ಕೂ ಹೆಚ್ಚು ಜನ ನೋಡಿದರು, ಅವರಲ್ಲಿ ಬಹುಮಂದಿ ಇನ್ನೂ ಇದ್ದಾರೆ ಎಂದು ಪೌಲ ಬರೆಯುತ್ತಾನೆ. ಬೇಕಾದರೆ ಹೋಗಿ ಕೇಳಿ ಎನ್ನುವ ಧೈರ್ಯ ಅದು. ಈ ಸಾಲುಗಳು ಬಹಳ ಹಳೆಯವು ಎನ್ನುವುದನ್ನು ಕ್ರೈಸ್ತ ನಂಬಿಕೆ ಇಲ್ಲದ ಎಷ್ಟೋ ವಿದ್ವಾಂಸರೂ ಒಪ್ಪುತ್ತಾರೆ.

ಇಲ್ಲಿ ಚುರುಕು ಹುಡುಗಿಯೊಬ್ಬಳು ಕೈ ಎತ್ತಿಯೇ ಎತ್ತುತ್ತಾಳೆ: ಹಳೆಯದಾದ ಮಾತ್ರಕ್ಕೆ ನಿಜವೇ? ಅಲ್ಲ. ಅದನ್ನು ಒಪ್ಪಲೇಬೇಕು. ಸುಳ್ಳು ಒಂದೇ ದಿನದಲ್ಲಿ ಹುಟ್ಟಬಹುದು. ಹಾಗಾಗಿ ಮುಂದಿನದನ್ನು ನೋಡಬೇಕು. ಖಾಲಿ ಸಮಾಧಿ ಮೊದಲು ನೋಡಿದವರು ಹೆಂಗಸರು. ಹೆಂಗಸರ ಸಾಕ್ಷಿ ಒಪ್ಪಬಾರದು ಎನ್ನುವ ಕಾಲ ಅದು. ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಹಾಗೆಂದೇ ಬರೆದಿದ್ದಾನೆ. ಶಿಷ್ಯರಿಗೂ ಅವರ ಮಾತು ಬರೀ ಹರಟೆಯಾಗಿ ಕಂಡಿತು ಎಂದು ಲೂಕ ಮುಚ್ಚುಮರೆ ಇಲ್ಲದೆ ಹೇಳುತ್ತಾನೆ. ಕಟ್ಟುಕಥೆ ಕಟ್ಟುವವರು ಇಂಥ ಸಾಕ್ಷಿಯನ್ನು ಏಕೆ ಆರಿಸಿಕೊಂಡಾರು?

ನನ್ನ ಮನಸ್ಸಿಗೆ ಹೆಚ್ಚು ನಾಟುವವನು ಯಾಕೋಬ. ಯೇಸು ಬದುಕಿದ್ದಾಗ ಅವನ ತಮ್ಮಂದಿರು ಅವನನ್ನು ನಂಬಲಿಲ್ಲ ಎಂದು ಯೋಹಾನನ ಸುವಾರ್ತೆಯೇ ಹೇಳುತ್ತದೆ. ಅದೇ ಯಾಕೋಬ ಆಮೇಲೆ ಯೆರೂಸಲೇಮಿನ ಸಭೆಗೆ ಹಿರಿಯನಾದ. 62ರಲ್ಲಿ ಅವನನ್ನು ಕಲ್ಲೆಸೆದು ಕೊಂದರು. ಇದನ್ನು ಹೇಳುವವನು ಕ್ರೈಸ್ತನಲ್ಲದ ಅದೇ ಜೋಸೆಫಸ್. ಒಂದೇ ಮನೆಯಲ್ಲಿ ಉಂಡು ಬೆಳೆದ ತಮ್ಮ, ಶಿಲುಬೆಯ ಮೇಲೆ ಸತ್ತ ಅಣ್ಣನನ್ನು ಪ್ರಭು ಎನ್ನುತ್ತಾನೆ. ನಡುವೆ ಏನಾಯಿತು? ‘ಆಮೇಲೆ ಯಾಕೋಬನಿಗೆ ಕಾಣಿಸಿಕೊಂಡನು’ ಎಂದು ಪೌಲನ ಪಟ್ಟಿ ಹೇಳುತ್ತದೆ. ಅದಕ್ಕಿಂತ ಒಪ್ಪುವ ಉತ್ತರ ನನಗೆ ಬೇರೆ ಕಂಡಿಲ್ಲ.

ಇಷ್ಟೆಲ್ಲ ಹೇಳಿದರೂ ಬುದ್ಧಿ ಯಾರನ್ನೂ ಕತ್ತು ಹಿಡಿದು ಒಳಗೆ ತಳ್ಳುವುದಿಲ್ಲ. ಎದ್ದ ಯೇಸುವನ್ನು ಎದುರಿಗೇ ಕಂಡಾಗಲೂ ಕೆಲವರು ಸಂದೇಹಪಟ್ಟರು ಎಂದು ಮತ್ತಾಯನ ಕೊನೆಯ ಅಧ್ಯಾಯದಲ್ಲೇ ಇದೆ. ಆಧಾರಗಳು ದಾರಿಯ ಮುಳ್ಳು ತೆಗೆಯುತ್ತವೆ. ನಡೆಯುವುದು ಆಯಾ ಮನುಷ್ಯನಿಗೂ ದೇವರಿಗೂ ಬಿಟ್ಟದ್ದು.

ಇನ್ನೊಂದು ಮಾತನ್ನು ಯುವಕರಿಗೆ ಒತ್ತಿ ಹೇಳುತ್ತೇನೆ. ಪೇತ್ರನ ಆ ವಾಕ್ಯಕ್ಕೆ ಉಳಿದರ್ಧವಿದೆ: ಸಾತ್ವಿಕತೆಯಿಂದ, ಗೌರವದಿಂದ ಉತ್ತರ ಕೊಡಿ. ನಮ್ಮದು ಕೂಡಲಸಂಗಮ ಇರುವ ಜಿಲ್ಲೆ. ದೇವರ ಬಗ್ಗೆ ಎದುರುಬದುರು ಕೂತು ಮಾತಾಡುವುದು ಇಲ್ಲಿಯ ಜನರಿಗೆ ಗೊತ್ತಿದೆ. ಪಕ್ಕದ ಮನೆಯವರು ಕೇಳಿದರೆ ನಿಮ್ಮ ಆಧಾರ ಹೇಳಿ, ಅವರು ಹೇಳುವುದನ್ನೂ ಪೂರ್ತಿ ಕೇಳಿ. ಅವರ ದೇವರನ್ನು ಹಳಿದು ನಮ್ಮ ಪ್ರಭುವಿಗೆ ಮಹಿಮೆ ಬರುವುದಿಲ್ಲ. ಮಗುವನ್ನು ಮಣ್ಣು ಮಾಡಿ ಬಂದ ತಾಯಿ ‘ದೇವರು ಎಲ್ಲಿದ್ದ?’ ಎಂದರೆ ದೆಲ್ಫಿಯ ಕಲ್ಲಿನ ಮಾತು ಎತ್ತಲೇಬೇಡಿ. ಅವರ ಜೊತೆ ಕೂತುಕೊಳ್ಳಿ.

ಸಭೆಗಳಲ್ಲಿ ಪಾಠ ಮಾಡುವವರಿಗೆ ನನ್ನ ಸಲಹೆ ಇಷ್ಟು. ಅಪೊಸ್ತಲರ ಕೃತ್ಯಗಳು 18, ಗಲಾತ್ಯ 1, ಮೊದಲ ಕೊರಿಂಥ 15, ಈ ಕ್ರಮದಲ್ಲಿ ಮಕ್ಕಳಿಂದಲೇ ಓದಿಸಿ. ಅಂಚಿನಲ್ಲಿ ಪೆನ್ಸಿಲ್‌ನಿಂದ ಇಸವಿ ಬರೆಸಿ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು, 16:9ರಿಂದ 20, ನಾಲ್ಕನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ ಎನ್ನುವುದನ್ನೂ ನೀವೇ ಹೇಳಿಬಿಡಿ. ಮೊಬೈಲ್‌ನಲ್ಲಿ ಇನ್ಯಾರೋ ದೊಡ್ಡ ಗುಟ್ಟು ಎಂಬಂತೆ ಹೇಳುವ ಮೊದಲು ಅದು ಅವರಿಗೆ ನಿಮ್ಮ ಬಾಯಿಂದಲೇ ತಿಳಿಯಲಿ. ಆ ವಚನಗಳನ್ನು ಬದಿಗಿಟ್ಟರೂ ಕೊರಿಂಥದವರಿಗೆ ಬರೆದ ಪತ್ರದ ಸಾಕ್ಷಿ ಒಂದಕ್ಷರವೂ ಕಡಿಮೆಯಾಗುವುದಿಲ್ಲ.