ಎರಡು ಬೆಳ್ಳಿ ಗಡಿಯಾರ, ಒಂದೂವರೆ ಎಕರೆ ನೆಲ: ಕನ್ನಗಳ್ಳ ಜೇಮ್ಸ್ ರೂಸ್‌ನ ಗಡೀಪಾರು

ಸಿಡ್ನಿಯಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗರಿಗೆ ಜೇಮ್ಸ್ ರೂಸ್ ಎಂದರೆ ಒಂದು ಶಾಲೆ. ಪ್ರವೇಶ ಪರೀಕ್ಷೆ ಬರೆದು ಸೀಟು ಗಿಟ್ಟಿಸಬೇಕಾದ ಕೃಷಿ ಪ್ರೌಢಶಾಲೆ ಅದು. ದೋಸೆ, ಚಾಟ್ ಅಂಗಡಿಗಳಿಂದ ‘ಲಿಟಲ್ ಇಂಡಿಯಾ’ ಎನಿಸಿಕೊಂಡ ಹ್ಯಾರಿಸ್ ಪಾರ್ಕ್‌ನಲ್ಲಿ ಅವನ ಹೆಸರಿನ ಬೀದಿಯೂ ಇದೆ. ಆ ಬೀದಿಯಲ್ಲಿರುವ ‘ಎಕ್ಸ್‌ಪೆರಿಮೆಂಟ್ ಫಾರ್ಮ್’ ಎಂಬ ಹಳೇ ಮನೆ ನಿಂತಿರುವುದು ಅವನು ಗುದ್ದಲಿ ಹಿಡಿದು ಅಗೆದ ನೆಲದಲ್ಲಿ. ಶಾಲೆಗೂ ಬೀದಿಗೂ ಹೆಸರು ಕೊಟ್ಟ ಈ ಮನುಷ್ಯ ಕನ್ನ ಹಾಕಿ ಸಿಕ್ಕಿಬಿದ್ದ ಅಪರಾಧಿ.

ರೂಸ್ ಹುಟ್ಟಿದ್ದು 1759ರಲ್ಲಿ, ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಸೀಮೆಯ ಲಾನ್ಸೆಸ್ಟನ್ ಬಳಿ. ಬೇಸಾಯ ಮಾಡಿಕೊಂಡೇ ಬೆಳೆದವನು. 1782ರಲ್ಲಿ ಮನೆಯೊಂದಕ್ಕೆ ನುಗ್ಗಿ ಐದು ಪೌಂಡ್ ಬೆಲೆಯ ಎರಡು ಬೆಳ್ಳಿ ಗಡಿಯಾರ ಕದ್ದ ಆರೋಪ ಸಾಬೀತಾಯಿತು. ರಾತ್ರಿ ಹೊತ್ತು ಜನ ವಾಸಿಸುವ ಮನೆಯ ಬಾಗಿಲು, ಕಿಟಕಿ ಮುರಿದು ಒಳಹೊಕ್ಕರೆ ಅಂದಿನ ಇಂಗ್ಲಿಷ್ ಕಾನೂನು ಅದನ್ನು ಬರಿಯ ಕಳವು ಎಂದು ನೋಡುತ್ತಿರಲಿಲ್ಲ. ಅದು ಕನ್ನಗಳ್ಳತನ, ಅದಕ್ಕೆ ಗಲ್ಲು. ಆದರೆ ಗಲ್ಲು ಶಿಕ್ಷೆಗೆ ಗುರಿಯಾದ ಎಷ್ಟೋ ಮಂದಿಗೆ ರಾಜನ ಕ್ಷಮೆಯ ಹೆಸರಿನಲ್ಲಿ ಗಡೀಪಾರು ಸಿಗುತ್ತಿತ್ತು. ರೂಸ್‌ಗೂ ಹಾಗೇ ಆಯಿತು: ಏಳು ವರ್ಷ, ಆಫ್ರಿಕಾಕ್ಕೆ.

ಆಫ್ರಿಕಾ ಏಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1718ರ ಕಾಯ್ದೆಯ ನಂತರ ಬ್ರಿಟನ್ ತನ್ನ ಅಪರಾಧಿಗಳನ್ನು ಅಮೆರಿಕದ ವಸಾಹತುಗಳಿಗೆ ಸಾಗಿಸುತ್ತಿತ್ತು. ಸುಮಾರು 50,000 ಮಂದಿ ಹಾಗೆ ಹೋದರು. ಹಡಗಿನವರು ಅವರ ದುಡಿಮೆಯನ್ನು ಅಲ್ಲಿನ ತೋಟಗಾರರಿಗೆ ಮಾರಿ ಕಾಸು ಮಾಡಿಕೊಳ್ಳುತ್ತಿದ್ದರು. 1775ರಲ್ಲಿ ಅಮೆರಿಕ ತಿರುಗಿಬಿದ್ದಾಗ ಆ ದಾರಿ ಮುಚ್ಚಿತು, ನ್ಯಾಯಾಲಯಗಳು ಮಾತ್ರ ಗಡೀಪಾರು ವಿಧಿಸುವುದನ್ನು ನಿಲ್ಲಿಸಲಿಲ್ಲ. 1776ರಲ್ಲಿ ತಾತ್ಕಾಲಿಕ ಏರ್ಪಾಡೆಂದು ಪಟಸ್ತಂಭ ಕಳಚಿದ ಹಳೇ ಹಡಗುಗಳನ್ನು ನದಿ, ಬಂದರುಗಳಲ್ಲಿ ಲಂಗರು ಹಾಕಿ ಜೈಲು ಮಾಡಿದರು. ಆ ‘ತಾತ್ಕಾಲಿಕ’ 80 ವರ್ಷ ನಡೆಯಿತು. ಪಶ್ಚಿಮ ಆಫ್ರಿಕಾದ ಕೋಟೆಗಳಿಗೆ ಕೆಲವರನ್ನು ಕಳಿಸಿ ನೋಡಿದರು, ಜ್ವರಕ್ಕೆ ಸಿಕ್ಕಿ ಸತ್ತವರೇ ಹೆಚ್ಚು. ಹೀಗಾಗಿ ರೂಸ್ ಆಫ್ರಿಕಾಕ್ಕೆ ಹೋಗಲೇ ಇಲ್ಲ. ಪ್ಲಿಮತ್ ಬಂದರಿನ ‘ಡನ್‌ಕರ್ಕ್’ ಎಂಬ ಹಡಗು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತ. 1786ರ ಆಗಸ್ಟ್‌ನಲ್ಲಿ ಸರ್ಕಾರ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ, ಇಂದಿನ ಸಿಡ್ನಿ ಪಕ್ಕದ ಬಾಟನಿ ಕೊಲ್ಲಿಯನ್ನು ಆರಿಸಿಕೊಂಡಿತು. 1787ರ ಮೇ 13ರಂದು ಪೋರ್ಟ್ಸ್‌ಮತ್‌ನಿಂದ ಹೊರಟ 11 ಹಡಗುಗಳಲ್ಲಿ ‘ಸ್ಕಾರ್ಬರೋ’ ಒಂದು, ಅದರಲ್ಲಿ ರೂಸ್ ಇದ್ದ. ಟೆನೆರಿಫ್, ರಿಯೊ, ಕೇಪ್ ಟೌನ್ ಮಾರ್ಗವಾಗಿ ಎಂಟು ತಿಂಗಳ ಪಯಣ. 1788ರ ಜನವರಿ 26ರಂದು ಅವರು ಸಿಡ್ನಿಯಲ್ಲಿ ನೆಲೆಯೂರಿದರು.

ನಮ್ಮಲ್ಲಿ ಕರಿನೀರಿನ ಶಿಕ್ಷೆ ಎಂದರೆ ಅಂಡಮಾನಿನ ಜೈಲು ಕಣ್ಣಿಗೆ ಬರುತ್ತದೆ. ಸಿಡ್ನಿಯಲ್ಲಿ ಮೊದಲಿಗೆ ಗೋಡೆಯೇ ಇರಲಿಲ್ಲ. ಕಾಡು, ಕಡಲು, ಸರ್ಕಾರಿ ಉಗ್ರಾಣ, ಈ ಮೂರೇ ಕಾವಲು. ಉಗ್ರಾಣ ಬಿಟ್ಟರೆ ಊಟವಿಲ್ಲ. ಒಬ್ಬ ಗಂಡಸಿಗೆ ವಾರದ ಪಡಿ 7 ಪೌಂಡ್ ಹಿಟ್ಟು (ಸುಮಾರು 3.2 ಕೆ.ಜಿ.), 7 ಪೌಂಡ್ ಉಪ್ಪು ಹಾಕಿದ ದನದ ಮಾಂಸ ಅಥವಾ 4 ಪೌಂಡ್ ಹಂದಿಮಾಂಸ, ಒಂದಿಷ್ಟು ಬಟಾಣಿ, ಬೆಣ್ಣೆ. ಹೆಂಗಸರಿಗೆ ಇದರ ಮೂರನೇ ಎರಡು ಪಾಲು. 1789ರ ಕೊನೆಯಲ್ಲಿ ಸರಕು ಹೊತ್ತು ಬರುತ್ತಿದ್ದ ‘ಗಾರ್ಡಿಯನ್’ ಹಿಮಗಡ್ಡೆಗೆ ಬಡಿಯಿತು. 1790ರ ಮಾರ್ಚ್‌ನಲ್ಲಿ ‘ಸಿರಿಯಸ್’ ನಾರ್ಫಕ್ ದ್ವೀಪದ ಬಂಡೆಗೆ ಬಡಿದು ಒಡೆಯಿತು. ಏಪ್ರಿಲ್ ಹೊತ್ತಿಗೆ ವಾರದ ಪಡಿ ಎರಡೂವರೆ ಪೌಂಡ್ ಹಿಟ್ಟು, ಎರಡು ಪೌಂಡ್ ಅಕ್ಕಿ, ಎರಡು ಪೌಂಡ್ ಹಂದಿಮಾಂಸಕ್ಕೆ ಇಳಿಯಿತು. ಅಕ್ಕಿಯ ಒಂದೊಂದು ಕಾಳೂ ಹುಳುವಿನಿಂದ ಅಲುಗಾಡುತ್ತಿತ್ತೆಂದು ಅಧಿಕಾರಿ ವಾಟ್ಕಿನ್ ಟೆಂಚ್ ಬರೆದಿಟ್ಟಿದ್ದಾನೆ. ಮೈಯಲ್ಲಿ ಬಲವಿಲ್ಲದವರಿಂದ ಕೆಲಸ ತೆಗೆಯಲಾಗದೆ ದುಡಿಮೆಯ ಗಂಟೆಗಳನ್ನೇ ಕಡಿತ ಮಾಡಬೇಕಾಯಿತು. ಎರಡು ವರ್ಷದ ನಂತರ, 1792ರಲ್ಲಿ, ಕಲ್ಕತ್ತೆಯಿಂದ ಬಂದ ಹಡಗೊಂದು ಅಕ್ಕಿ, ರವೆ, ಬೇಳೆ ಇಳಿಸಿತು.

ಸರ್ಕಾರಿ ಹೊಲ ಇತ್ತು, ಬೆಳೆ ಬರಲಿಲ್ಲ. ಕಾರಣಗಳು ಸ್ಪಷ್ಟ. ಹಡಗಿನ ಬಿಸಿಗೆ ಬೆಂದು, ಹುಳು ಹಿಡಿದು ಬಿತ್ತನೆ ಬೀಜ ಸತ್ತುಹೋಗಿತ್ತು. ತಂದ ಕೊಡಲಿ, ಸನಿಕೆ ಕಳಪೆ, ಇಲ್ಲಿನ ಮರಗಳೋ ಕಬ್ಬಿಣದಂಥವು. ನೇಗಿಲೂ ಇಲ್ಲ, ಎಳೆಯಲು ಎತ್ತೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಂದ ಅಪರಾಧಿಗಳಲ್ಲಿ ಬೇಸಾಯ ಬಲ್ಲವರು ತೀರಾ ಕಡಿಮೆ.

ರೂಸ್ ಬಲ್ಲವನಾಗಿದ್ದ. ಶಿಕ್ಷೆಯ ಏಳು ವರ್ಷವನ್ನು ಎಣಿಸುವುದು ತೀರ್ಪಿನ ದಿನದಿಂದ, ದಡ ಮುಟ್ಟಿದ ದಿನದಿಂದಲ್ಲ. ಆದ್ದರಿಂದ 1789ರಲ್ಲಿ ತನ್ನ ಅವಧಿ ಮುಗಿಯಿತೆಂದು ಅವನು ಗವರ್ನರ್ ಆರ್ಥರ್ ಫಿಲಿಪ್ ಮುಂದೆ ಜಮೀನಿಗೆ ಅರ್ಜಿ ಇಟ್ಟ. ತೊಡಕೆಂದರೆ ಯಾರ ಶಿಕ್ಷೆ ಎಂದು ಮುಗಿಯುತ್ತದೆ ಎಂಬ ದಾಖಲೆಗಳನ್ನು ಮೊದಲ ಹಡಗುಗಳ ಜೊತೆ ಕಳಿಸಿಯೇ ಇರಲಿಲ್ಲ. ಅವಧಿ ಮುಗಿಸಿದವರೂ ಅದನ್ನು ಸಾಬೀತು ಮಾಡಲಾಗದೆ ಅಪರಾಧಿಗಳಾಗಿಯೇ ದುಡಿಯಬೇಕಾಯಿತು. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಕ್ರೂರವಾಗಿ ಕಾಣುವುದು ಚಾವಟಿಗಿಂತ ಈ ಬೇಜವಾಬ್ದಾರಿ.

ಫಿಲಿಪ್ ರೂಸ್‌ಗೆ ಪೂರ್ತಿ ಜಮೀನು ಕೊಡಲಿಲ್ಲ, ಪರೀಕ್ಷೆ ಒಡ್ಡಿದರು. ಒಬ್ಬ ರೈತ ಉಗ್ರಾಣದ ಹಂಗಿಲ್ಲದೆ ಬದುಕಲು ಎಷ್ಟು ಕಾಲ ಬೇಕೆಂದು ತಿಳಿಯುವುದು ಅವರ ಉದ್ದೇಶ. 1789ರ ನವೆಂಬರ್‌ನಲ್ಲಿ ಸಿಡ್ನಿಯ ಪಶ್ಚಿಮಕ್ಕಿರುವ ಪ್ಯಾರಮ್ಯಾಟ ಬಳಿ ಮರ ಕಡಿದ ಒಂದೂವರೆ ಎಕರೆ, ಒಂದು ಗುಡಿಸಲು, ಬೀಜ, ಉಪಕರಣ, ಎರಡು ಹೆಣ್ಣುಹಂದಿ, ಆರು ಕೋಳಿ ಕೊಡಿಸಿದರು. ಆ ನೆಲ ಖಾಲಿ ಇರಲಿಲ್ಲ. ಅದು ಮೂಲನಿವಾಸಿಗಳಾದ ಬರಮಟ್ಟಗಲ್ ಜನರದು, ಪ್ಯಾರಮ್ಯಾಟ ಎಂಬ ಹೆಸರು ಬಂದದ್ದೂ ಅವರಿಂದಲೇ. ಅದೇ ವರ್ಷದ ಸಿಡುಬು ಸಿಡ್ನಿ ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನರನ್ನು ಕೊಂದಿತೆಂಬುದು ಫಿಲಿಪ್ ಅವರದೇ ಅಂದಾಜು.

1790ರಲ್ಲಿ ಟೆಂಚ್ ಹೊಲಕ್ಕೆ ಬಂದಾಗ ರೂಸ್ ತನ್ನ ಕ್ರಮವನ್ನು ಬಿಡಿಸಿ ಹೇಳಿದ. ಬಿದ್ದ ಮರಗಳನ್ನು ಅಲ್ಲೇ ಸುಟ್ಟು, ಬೂದಿಯನ್ನು ಮಣ್ಣಿಗೆ ಅಗೆದು ಸೇರಿಸಿದ. ಆಮೇಲೆ ಗುದ್ದಲಿಯಲ್ಲಿ ಅಗೆತ, ದಿನಕ್ಕೆ ಎಂಟು, ಹೆಚ್ಚೆಂದರೆ ಒಂಬತ್ತು ಚದರ ರಾಡ್ ಮಾತ್ರ. ಒಂದು ಗುಂಟೆಗೆ ನಾಲ್ಕು ಚದರ ರಾಡ್, ಅಂದರೆ ದಿನಕ್ಕೆ ಎರಡು ಗುಂಟೆ. ಒಂದೂವರೆ ಎಕರೆಯ 60 ಗುಂಟೆಯನ್ನು ಒಮ್ಮೆ ಅಗೆಯಲು ತಿಂಗಳು ಬೇಕು. ಸರ್ಕಾರಿ ಹೊಲದ ಹಾಗೆ ಮೇಲೆ ಮೇಲೆ ಕೆರೆದು ಬಿಟ್ಟಿಲ್ಲ ಎಂದು ಅವನೇ ಹೇಳಿದ್ದಾನೆ. ಹೆಂಟೆ ಒಡೆದು, ಹುಲ್ಲು ಕಳೆಯನ್ನು ಒಳಗೇ ಹೂತು, ನೆಲವನ್ನು ಆದಷ್ಟು ದಿನ ಗಾಳಿ ಬಿಸಿಲಿಗೆ ಬಿಟ್ಟು, ಬಿತ್ತನೆಗೆ ಮುಂಚೆ ಮತ್ತೆ ಬುಡಮೇಲು ಮಾಡಿದ. ತೆನೆಗೆ ಮೀಸೆ ಬರುವ ಗೋಧಿ, ಅಲ್ಲೇ ಬೆಳೆದ ಬೀಜ, ಮೂರು ಬುಷೆಲ್. ನಮ್ಮ ಲೆಕ್ಕದಲ್ಲಿ 80 ಕೆ.ಜಿ. ಆಸುಪಾಸು. ಕೈಯಲ್ಲಿ ಎರಚಿ ಬಿತ್ತಿದ್ದು. ಕೆಲವಷ್ಟು ಮೇ ತಿಂಗಳಲ್ಲಿ, ಉಳಿದದ್ದು ಜೂನ್‌ನಲ್ಲಿ, ಮೇ ಬಿತ್ತನೆಯೇ ಚೆನ್ನಾಗಿ ಬಂತು. ಅವನ ನಿರೀಕ್ಷೆ 12–13 ಬುಷೆಲ್. ಬಿತ್ತಿದ್ದಕ್ಕೆ ನಾಲ್ಕರಷ್ಟು ಎಂದರೆ ದೊಡ್ಡ ಫಸಲೇನಲ್ಲ, ಅದರಲ್ಲೂ ಮರುವರ್ಷದ ಬೀಜಕ್ಕೆ ಕಾಲು ಭಾಗ ತೆಗೆದಿಡಬೇಕು. ಇನ್ನರ್ಧ ಎಕರೆಯಲ್ಲಿ ಮುಸುಕಿನ ಜೋಳ ಹಾಕಿದ್ದ, ಅದರ ಬೇಸಾಯ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಿದ್ದ. ಗೋಧಿ ಕೊಯ್ದ ಮೇಲೆ ಟರ್ನಿಪ್ ಹಾಕಿ ನೆಲ ಹದ ಮಾಡುವುದು, ಹುಲ್ಲನ್ನೂ ಕೊಳೆಯುವ ಎಲ್ಲವನ್ನೂ ಗುಂಡಿಗೆ ಹಾಕಿ ಗೊಬ್ಬರ ಮಾಡುವುದು ಅವನ ಯೋಚನೆ. ಸಹಾಯಕ್ಕೆ ಹೆಂಡತಿ ಎಲಿಜಬೆತ್ ಪೆರಿ ಒಬ್ಬಳೇ. ಅವಳೂ ಅಪರಾಧಿ, 1790ರ ಜೂನ್‌ನಲ್ಲಿ ‘ಲೇಡಿ ಜೂಲಿಯಾನ’ ಹಡಗಿನಲ್ಲಿ ಬಂದವಳು.

ಎರಡು ದೂರು ಹೇಳಿದ. ಒಂದು, ರಾತ್ರಿ ರಾತ್ರಿ ಅಪರಾಧಿಗಳು ಬಂದು ಬೆಳೆ ಕದಿಯುತ್ತಾರೆ. ಹಸಿದವರ ಊರಿನಲ್ಲಿ ತೆನೆ ಕಟ್ಟಿದ ಹೊಲದ ಪಾಡೇ ಅದು. ಇನ್ನೊಂದು ಹೆಚ್ಚು ಮುಖ್ಯ: ಗೊಬ್ಬರ ಇದ್ದರೆ ಈ ನೆಲ ನಡೆಯುತ್ತದೆ, ದನ ಇಲ್ಲದಿದ್ದರೆ ಸೋಲುತ್ತದೆ. ಬೂದಿಯ ಸಾರ ಒಂದೆರಡು ಬೆಳೆಗೆ ಮುಗಿಯುತ್ತದೆ, ಕೊಟ್ಟಿಗೆ ಗೊಬ್ಬರವಿಲ್ಲದ ಜೇಡಿನೆಲ ಗಟ್ಟಿಯಾಗುತ್ತಾ ಹೋಗುತ್ತದೆ ಎಂಬುದು ಯಾವ ರೈತನಿಗೂ ಗೊತ್ತು. ಹಡಗಿನಲ್ಲಿ ತಂದಿದ್ದ ಹಸು, ಗೂಳಿಗಳು 1788ರಲ್ಲೇ ಕಾವಲುಗಾರನ ಕಣ್ಣು ತಪ್ಪಿ ಕಾಡು ಸೇರಿದ್ದವು. 1795ರಲ್ಲಿ ನೆಪಿಯನ್ ನದಿಯಾಚೆ ಸಿಕ್ಕಾಗ ಅವು ಸುಮಾರು 60 ಆಗಿದ್ದವು. ರೂಸ್ ಗುಂಡಿಯಲ್ಲಿ ಹುಲ್ಲು ಕೊಳೆಸುತ್ತಿದ್ದಷ್ಟು ಕಾಲವೂ ಆ ಗೊಬ್ಬರ ಕಾಡಿಗೆ ಬೀಳುತ್ತಿತ್ತು.

1791ರ ಫೆಬ್ರವರಿಯಲ್ಲಿ, ಹೊಲಕ್ಕಿಳಿದ 15 ತಿಂಗಳಿಗೆ, ತನ್ನ ಪಾಲಿನ ಪಡಿ ಇನ್ನು ಬೇಡವೆಂದು ರೂಸ್ ಹೇಳಿದ. ಅದೇ ವರ್ಷ 30 ಎಕರೆ ಅವನ ಹೆಸರಿಗಾಯಿತು. ನಮ್ಮ ಕಡೆ ದರಖಾಸ್ತು ಜಮೀನಿಗೆ ಸಾಗುವಳಿ ಚೀಟಿ ಸಿಗುವ ಹಾಗೆ, ಆ ವಸಾಹತಿನ ಮೊದಲ ಮಂಜೂರಾತಿ ಅದು. ಶಿಕ್ಷೆ ಮುಗಿಸಿದ ಗಂಡಸಿಗೆ 30 ಎಕರೆ, ಮದುವೆಯಾಗಿದ್ದರೆ ಇನ್ನೂ 20, ಮಗುವಿಗೆ ಹತ್ತರಂತೆ ಹೆಚ್ಚುವರಿ, ಹತ್ತು ವರ್ಷ ಕಂದಾಯವಿಲ್ಲ ಎಂದು ಲಂಡನ್ನಿನ ಆದೇಶವೇ ಇತ್ತು.

ಎರಡೇ ವರ್ಷಕ್ಕೆ, 1793ರ ಅಕ್ಟೋಬರ್‌ನಲ್ಲಿ, ರೂಸ್ ಆ ಹೊಲವನ್ನು 40 ಪೌಂಡಿಗೆ ವೈದ್ಯ ಜಾನ್ ಹ್ಯಾರಿಸ್‌ಗೆ ಮಾರಿದ. ಹ್ಯಾರಿಸ್ ಪಾರ್ಕ್ ಎಂಬ ಹೆಸರು ಈ ಕೊಂಡವನದು. 1794ರ ಜನವರಿಯಲ್ಲಿ ಹಾಕ್ಸ್‌ಬರಿ ನದಿಯ ದಡಕ್ಕೆ ಹೋದ ಮೊದಲ 22 ರೈತರಲ್ಲಿ ರೂಸ್ ಒಬ್ಬ. ಮಟ್ಟಾದ ಮೆಕ್ಕಲು ಮಣ್ಣು, ಗೊಬ್ಬರ ಕೇಳದ ನೆಲ. ಆದರೆ ಅಲ್ಲಿ ಮೆಕ್ಕಲು ಬಂದದ್ದೇ ನೆರೆಯಿಂದ. ಮೇಲಿನಿಂದ ಹಲವು ಹೊಳೆಗಳು ಬಯಲಿಗೆ ನೀರು ತುಂಬುತ್ತವೆ, ಕೆಳಗೆ ಹೊರಹೋಗುವ ದಾರಿ ಇಕ್ಕಟ್ಟಾದ ಕಣಿವೆ. ನೀರು ಹರಿದುಹೋಗದೆ ತೊಟ್ಟಿಯಲ್ಲಿ ತುಂಬಿದಂತೆ ಏರುತ್ತದೆ. 1806 ಮತ್ತು 1809ರ ನೆರೆಗಳು ಬಣವೆ, ಹಂದಿ, ಮನೆಗಳನ್ನೆಲ್ಲ ಕೊಚ್ಚಿಕೊಂಡು ಹೋದವು. ಮೂಲನಿವಾಸಿಗಳಾದ ಧರುಗ್ ಜನ ಆ ದಡದಲ್ಲಿ ಗೆಣಸು ಅಗೆದು ತಿನ್ನುತ್ತಿದ್ದರು. ಅದೇ ನೆಲ ಮುಸುಕಿನ ಜೋಳದ ಹೊಲವಾದಾಗ ಹಸಿದವರು ಜೋಳ ಕೊಯ್ದರು, ರೈತರು ಬಂದೂಕು ಹಿಡಿದರು. ಸಾವುಗಳು 1794ರಿಂದಲೇ ಶುರುವಾದವು.

1828ರ ಜನಗಣತಿಯಲ್ಲಿ ರೂಸ್ ಸಿಗುವುದು ಲೋವರ್ ಮಿಂಟೊದಲ್ಲಿ, ಇನ್ನೊಬ್ಬರ ಜಮೀನಿನ ಮೇಲ್ವಿಚಾರಕನಾಗಿ. 1837ರಲ್ಲಿ ತೀರಿಕೊಂಡು ಕ್ಯಾಂಬೆಲ್‌ಟೌನ್‌ನಲ್ಲಿ ಮಣ್ಣಾದ. ಅಲ್ಲಿಂದ ಪಶ್ಚಿಮಕ್ಕೆ ನೆಪಿಯನ್ ದಾಟಿದರೆ ಆ ಕಾಡುಪಾಲಾದ ದನಗಳು ಬೆಳೆದ ಹುಲ್ಲುಗಾವಲು. ಸಮಾಧಿ ಕಲ್ಲಿನ ಮೇಲೆ ಕಾಗುಣಿತ ತಪ್ಪಿದ ನಾಲ್ಕಾರು ಸಾಲುಗಳಿವೆ: ತಾಯಿ ಅಕ್ಕರೆಯಿಂದ ಸಾಕಿದಳು, ನನಗಾಗಿ ಬಹಳ ಪಾಡುಪಟ್ಟಳು, ಈ ವಸಾಹತಿಗೆ ಬಂದಾಗ ಮೊದಲ ಕಾಳು ಬಿತ್ತಿದವನು ನಾನು. ಮೊದಲ ಕಾಳು ಬಿದ್ದದ್ದು 1788ರಲ್ಲೇ, ಸರ್ಕಾರಿ ಹೊಲದಲ್ಲಿ. ಅದು ಸರಿಯಾಗಿ ಮೊಳೆಯಲಿಲ್ಲ.